ಜೋಳದ ನಾಡೂ ಬಿ ಜೀವಸತ್ತ್ವಗಳ ಚರಿತ್ರೆಯೂ

ಯಾವಗಲ್ ಎಂಬುದು ಗದಗ ಜಿಲ್ಲೆಯ ರೋಣದ ಕಡೆಯ ಒಂದು ಗ್ರಾಮ. ನಗರವಾಸಿಗಳಾದ ನಮ್ಮಲ್ಲಿ ಅದರ ಹೆಸರನ್ನು ಕೇಳಿದವರು ಕಡಮೆ. ಹಿಂದೆ ಈ ಪ್ರಾಂತವು ಬೊಂಬಾಯಿ ಅಧಿಪತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. 1956ರಲ್ಲಿ ಕನ್ನಡನಾಡಿನ ಇತರ ಭಾಗಗಳೊಡನೆ ಕೂಡಿಕೊಂಡಿತು. 1997ರಲ್ಲಿ ಗದಗವೇ ಪ್ರತ್ಯೇಕ ಜಿಲ್ಲೆಯಾಯಿತು. ದೇಹಪೋಷಣೆಯ ಶಾಸ್ತ್ರವನ್ನು ಕುರಿತು ಮಾತನಾಡಬೇಕಾದ ನಾವು ಪ್ರಯೋಗಶಾಲೆಯನ್ನು ಬಿಟ್ಟು ಒಂದು ಹಳ್ಳಿಯಿಂದ ಆರಂಭಿಸುವುದೇಕೆಂದು ಕೇಳುವವರು ಆಶ್ಚರ್ಯಪಡಬಹುದು. ಬಿ ಜೀವಸತ್ತ್ವಗಳೆಂದೂ ಬಿ ವಿಟಮಿನ್ನುಗಳೆಂದೂ ಕರೆಯಲ್ಪಡುವ ವಸ್ತುಗಳ ಕಥೆಯು ಮೊದಲಾದದ್ದು ಬಡವರ ಊಟದ ತಟ್ಟೆಯಲ್ಲಿ. ಆ ತಟ್ಟೆಯಲ್ಲಿ ಒಂದೇ ಧಾನ್ಯ ಉಳಿದಾಗ ಏನಾಗುತ್ತದೆ, ಅದರ ಪಕ್ಕದಲ್ಲಿ ಮತ್ತೆರಡು ಪದಾರ್ಥಗಳು ಸೇರಿದಾಗ ಏನಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಯಾವಗಲ್ಲಿನಂಥ ಊರಿನ ರೈತನ ಬುತ್ತಿಯನ್ನು ಬಿಚ್ಚಿ ನೋಡುವುದು ಮೇಲು.

ಅದು ಎರೆಯ ನಾಡು. ಮಳೆಗಾಲದಲ್ಲಿ ಕಾಲಿಗಂಟುವ, ಬೇಸಗೆಯಲ್ಲಿ ಆಳುದ್ದ ಬಿರಿಯುವ ಕರಿಯ ಮಣ್ಣು. ಮುಂಗಾರಿನಲ್ಲಿ ಹೆಸರು, ಹಿಂಗಾರಿನಲ್ಲಿ ಜೋಳ, ಕಡಲೆ, ಗೋದಿ, ಕುಸುಬೆ, ಇವುಗಳ ಜೊತೆಗೆ ಹತ್ತಿ. ಮಳೆ ನಿಂತ ಮೇಲೂ ಮಣ್ಣಿನಲ್ಲಿ ಉಳಿದ ತೇವವನ್ನೇ ನಂಬಿ ಬೆಳೆಯುವ ಬಿಳಿಯ ಜೋಳವು ಈ ನಾಡಿನ ಪ್ರಾಣ. ಅದನ್ನು ಮನೆಯ ಹೆಂಗಸರು ಬೆಳಗಿನ ಜಾವದಲ್ಲಿ ಬೀಸುವ ಕಲ್ಲಿನಲ್ಲಿ ಬೀಸುತ್ತಿದ್ದರು. ಈಗ ಗಿರಣಿಗೆ ಕೊಡುತ್ತಾರೆ. ಆದರೆ ಎರಡರಲ್ಲಿಯೂ ಕಾಳಿನ ಮೇಲಣ ತೌಡು ಹೊರಗೆ ಹೋಗದೆ ಹಿಟ್ಟಿನಲ್ಲಿಯೇ ಉಳಿಯುತ್ತದೆ. ಇದನ್ನು ಕೇಳುವವರು ನೆನಪಿನಲ್ಲಿಡಬೇಕು; ಮುಂದೆ ಬೇಕಾಗುವುದು.

ಹೊಲಕ್ಕೆ ಹೋಗುವ ಬುತ್ತಿಯಲ್ಲಿ ರೊಟ್ಟಿಯ ಮೇಲೆ ಏನಿರುತ್ತದೆ? ಸ್ಥಿತಿವಂತರದಾದರೆ ಮೊಳಕೆ ಬಂದ ಮಡಕೆ ಕಾಳಿನ ಪಲ್ಲೆ, ಇಲ್ಲವೆ ಹೆಸರುಕಾಳಿನ ಪಲ್ಲೆ, ಕಡಲೆಹಿಟ್ಟಿನ ಜುಣಕ, ಎಣ್ಣೆಗಾಯಿ, ಪುಂಡಿಯ ಸೊಪ್ಪು, ಮೆಂತ್ಯದ ಹಸಿಯ ಸೊಪ್ಪು, ಹಕ್ಕರಿಕೆ, ಶೇಂಗಾ, ಗುರೆಳ್ಳು, ಅಗಸೆ ಇವುಗಳ ಚಟ್ನಿಪುಡಿ, ಗಡಿಗೆಯಲ್ಲಿ ಮೊಸರು. ಮೈಸೂರಿನ ಅಡಿಗೆಯ ಅಭಿಮಾನಿಗಳು ಕೂಡ ಈ ಎಲೆಯ ಮುಂದೆ ಸ್ವಲ್ಪ ತಗ್ಗಬೇಕಾಗುತ್ತದೆಂದು ನಮ್ಮ ಅಭಿಪ್ರಾಯ. ಆದರೆ ಇದು ಎಲ್ಲರ ಬುತ್ತಿಯೂ ಅಲ್ಲ, ಎಲ್ಲ ತಿಂಗಳಿನ ಬುತ್ತಿಯೂ ಅಲ್ಲ. ಹೊಲವಿಲ್ಲದ ಕೂಲಿಕಾರನ ಮನೆಯಲ್ಲಿ, ಹಗೇವಿನ ತಳ ಕಾಣುವ ತಿಂಗಳುಗಳಲ್ಲಿ, ರೊಟ್ಟಿಯ ಮೇಲೆ ಕೆಂಪು ಖಾರವೂ ಉಪ್ಪೂ ಮಾತ್ರ. ಈ ಎರಡು ಬುತ್ತಿಗಳ ನಡುವಣ ಅಂತರವೇ ನಮ್ಮ ಇಂದಿನ ವಿಷಯ.

ಜೀವಸತ್ತ್ವವೆಂಬ ಮಾತು ಹುಟ್ಟುವುದಕ್ಕೆ ಮೊದಲೇ ಈ ಅಂತರವನ್ನು ಕುರಿತು ನಮ್ಮ ನಾಡಿನಲ್ಲಿ ಒಂದು ದೊಡ್ಡ ವಾಗ್ವಾದ ನಡೆದುಹೋಯಿತು. 1876ರಿಂದ 1878ರವರೆಗಿನ ಮಹಾಕ್ಷಾಮವನ್ನು ಹಿರಿಯರ ಬಾಯಿಂದ ಕೇಳಿದವರ ಬಾಯಿಂದಾದರೂ ನಾವು ಕೇಳಿದ್ದೇವೆ. ಬೊಂಬಾಯಿ ಅಧಿಪತ್ಯದ ಧಾರವಾಡ, ಕಲಾದಗಿ, ಮದರಾಸಿನ ಕೈಕೆಳಗಿದ್ದ ಬಳ್ಳಾರಿ, ನಮ್ಮ ಮೈಸೂರು ಸಂಸ್ಥಾನ, ಎಲ್ಲವೂ ಅದರ ಬಾಯಿಗೆ ಬಿದ್ದವು. ಪರಿಹಾರದ ಕೆಲಸಗಳಲ್ಲಿ ಕಲ್ಲೊಡೆಯುವ, ಮಣ್ಣು ಹೊರುವ ಜನಕ್ಕೆ ಎಷ್ಟು ಕೂಲಿ ಕೊಡಬೇಕೆಂಬ ಪ್ರಶ್ನೆ ಎದ್ದಿತು. ಹಿಂದೂಸ್ಥಾನ ಸರ್ಕಾರವು ಕಳುಹಿಸಿದ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು 1877ರ ಆರಂಭದಲ್ಲಿ, ಬೆಳೆದ ಗಂಡಸಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ಅದರ ಮೇಲೆ ಅರ್ಧ ಆಣೆಯೂ ಸಾಕೆಂದು ತೀರ್ಮಾನಿಸಿದನು. ಒಂದು ಪೌಂಡೆಂದರೆ ಈಗಿನ ಲೆಕ್ಕದಲ್ಲಿ 450 ಗ್ರಾಮಿಗೆ ಸಮೀಪ. ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷ್ ಎಂಬಾತನು ಇದನ್ನು ತೀವ್ರವಾಗಿ ಪ್ರತಿಭಟಿಸಿದನು. ಧಾನ್ಯದ ತೂಕ ಸಾಲದೆಂಬುದು ಆತನ ಒಂದು ವಾದ. ಬೇಳೆಯೂ ತರಕಾರಿಯೂ ಇಲ್ಲದ ಬರಿಯ ಧಾನ್ಯವು ಮನುಷ್ಯನನ್ನು ಬಹುಕಾಲ ಉಳಿಸಲಾರದೆಂಬುದು ಇನ್ನೊಂದು. ಟೆಂಪಲ್ಲನು ಖರ್ಚಿನ ಲೆಕ್ಕವನ್ನು ನೋಡಿದನು. ಕಾರ್ನಿಷನು ಶಿಬಿರದಲ್ಲಿ ಸಾಲಾಗಿ ಮಲಗಿದ್ದ ದೇಹಗಳನ್ನು ನೋಡಿದನು. ಕೊನೆಗೆ ಅದೇ ವರ್ಷ ಮದರಾಸು ಸರ್ಕಾರ ಕೂಲಿಯನ್ನು ಏರಿಸಬೇಕಾಯಿತು. ಬೇಳೆ ತರಕಾರಿಗಳಲ್ಲಿ ಏನಿದೆಯೆಂದು ಕಾರ್ನಿಷನಿಗೆ ತಿಳಿದಿರಲಿಲ್ಲ. ಆಗ ಲೋಕದಲ್ಲಿ ಯಾರಿಗೂ ತಿಳಿದಿರಲಿಲ್ಲ. ಆದರೂ ವಾದ ಸರಿಯಾಗಿತ್ತು.

ತಿಳಿವಳಿಕೆಯ ಮೊದಲ ಎಳೆ ದೊರೆತುದು ಜಾವಾ ದ್ವೀಪದ ಬಟೇವಿಯಾ ಪಟ್ಟಣದ ಒಂದು ಕೋಳಿಗೂಡಿನಲ್ಲಿ. ಬೆರಿಬೆರಿಯೆಂಬ ರೋಗದಿಂದ ಅಲ್ಲಿಯ ಸಿಪಾಯಿಗಳೂ ಸೆರೆಯಾಳುಗಳೂ ಕೈಕಾಲು ಸೋತು, ಮೈ ಬಾತು, ಹೃದಯ ನಿಂತು ಸಾಯುತ್ತಿದ್ದರು. ಕ್ರಿಮಿಯೇ ಕಾರಣವೆಂದು ನಂಬಿದ ಐಕ್ಮನ್ ಎಂಬ ಡಚ್ ವೈದ್ಯನು ಕೋಳಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದನು. ರೋಗಿಗಳ ರಕ್ತವನ್ನು ಚುಚ್ಚಿದ ಕೋಳಿಗಳ ಕಾಲು ಸೋತುವು. ಚುಚ್ಚದ ಕೋಳಿಗಳ ಕಾಲೂ ಸೋತುವು! ಕೆಲವು ತಿಂಗಳ ಮೇಲೆ ಎಲ್ಲವೂ ತಾವಾಗಿಯೇ ಗುಣವಾದುವು. ವಿಚಾರಿಸಲಾಗಿ, ಅದುವರೆಗೆ ಕೋಳಿಗಳಿಗೆ ಸೈನ್ಯದ ಆಸ್ಪತ್ರೆಯಲ್ಲಿ ಮಿಕ್ಕ ಬಿಳಿಯ ಅನ್ನ ಬೀಳುತ್ತಿತ್ತೆಂದೂ, ಹೊಸದಾಗಿ ಬಂದ ಅಡಿಗೆಯವನು ಸಿಪಾಯಿಗಳ ಅನ್ನವನ್ನು ಊರ ಕೋಳಿಗಳಿಗೆ ಹಾಕಲೊಲ್ಲೆನೆಂದುದರಿಂದ ತೌಡು ಹೋಗದ ಅಕ್ಕಿ ಹಾಕಲಾಯಿತೆಂದೂ ತಿಳಿಯಿತು. ಹೆಸರುಳಿಯದ ಆ ಅಡಿಗೆಯವನ ಜಿಗುಟುತನಕ್ಕೆ ವೈದ್ಯಶಾಸ್ತ್ರ ಋಣಿಯಾಗಿದೆ. ಐಕ್ಮನ್ನನು ಬಹುಕಾಲ ಅಕ್ಕಿಯಲ್ಲಿ ಏನೋ ವಿಷವಿದೆಯೆಂದೂ ತೌಡು ಅದಕ್ಕೆ ಪ್ರತಿವಿಷವೆಂದೂ ಎಣಿಸಿದ್ದನು. ಆತನ ತರುವಾಯ ಬಂದ ಗ್ರಿನ್ಸನು 1901ರಲ್ಲಿ, ವಿಷವೇನೂ ಇಲ್ಲ, ದೇಹಕ್ಕೆ ಬೇಕಾದ ಯಾವುದೋ ಒಂದು ವಸ್ತು ಬಿಳಿಯ ಅಕ್ಕಿಯಲ್ಲಿ ಇಲ್ಲ ಎಂದನು. ಇರುವುದರಿಂದ ರೋಗ ಬರುತ್ತದೆಂಬುದು ಎಲ್ಲರಿಗೂ ಗೊತ್ತಿದ್ದ ಮಾತು. ಇಲ್ಲದಿರುವುದರಿಂದಲೂ ರೋಗ ಬರುತ್ತದೆಂಬ ಮಾತು ಹೊಸದು. ಅಂಥ ವಸ್ತುಗಳಿಗೆ 1912ರಲ್ಲಿ ಫುಂಕ್ ಎಂಬ ವಿಜ್ಞಾನಿ ವಿಟಮಿನ್ ಎಂಬ ಹೆಸರನ್ನಿಟ್ಟನು. ತೌಡಿನ ವಸ್ತುವಿನ ಹರಳುಗಳನ್ನು 1926ರಲ್ಲಿ ಅದೇ ಬಟೇವಿಯಾದಲ್ಲಿ ಬೇರ್ಪಡಿಸಿದರು. 1936ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ಅಮೆರಿಕದ ವಿಲಿಯಮ್ಸ್ ಹುಟ್ಟಿದುದು ನಮ್ಮ ನೆರೆಯ ನೆಲ್ಲೂರಿನಲ್ಲಿ. ಇದೇ ಬಿ1, ಅಥವಾ ಥಯಮಿನ್.

ಇದರ ಕೆಲಸವೇನು? ನಾವು ತಿನ್ನುವ ಪಿಷ್ಟವು ದೇಹದಲ್ಲಿ ಸಕ್ಕರೆಯಾಗಿ, ಆ ಸಕ್ಕರೆ ಹಂತಹಂತವಾಗಿ ಉರಿದು ಶಕ್ತಿಯನ್ನು ಕೊಡುತ್ತದೆ. ಈ ದಾರಿಯಲ್ಲಿ ಒಂದು ಬಾಗಿಲಿದೆ. ಅದರ ಬೀಗದ ಕೈ ಥಯಮಿನ್. ಅದಿಲ್ಲದಿದ್ದರೆ ಸಕ್ಕರೆ ಅರ್ಧದಾರಿಯಲ್ಲಿ ನಿಂತು, ಆಮ್ಲವಾಗಿ ರಕ್ತದಲ್ಲಿ ತುಂಬಿಕೊಳ್ಳುತ್ತದೆ. ಹಗಲಿರುಳು ದುಡಿಯುವ ಹೃದಯ, ಸಕ್ಕರೆಯನ್ನೇ ನೆಚ್ಚಿದ ನರಮಂಡಲ, ಇವೆರಡೂ ಮೊದಲು ಸೋಲುತ್ತವೆ. ಬೇಕಾದುದು ದಿನಕ್ಕೆ ಒಂದೂವರೆ ಮಿಲಿಗ್ರಾಮಿನಷ್ಟು. ಸಾಸಿವೆ ಕಾಳಿಗಿಂತಲೂ ಕಡಮೆ ತೂಕ. ಆದರೆ ನೀರಿನಲ್ಲಿ ಕರಗುವ ವಸ್ತುವಾದುದರಿಂದ ದೇಹ ಅದನ್ನು ಕೂಡಿಟ್ಟುಕೊಳ್ಳಲಾರದು. ಕೆಲವು ವಾರಗಳಲ್ಲಿ ಭಂಡಾರ ಬರಿದಾಗುತ್ತದೆ. ಅನ್ನ ಹೆಚ್ಚು ತಿಂದಷ್ಟೂ ಅದನ್ನು ಉರಿಸಲು ಬೇಕಾದ ಥಯಮಿನ್ನೂ ಹೆಚ್ಚು ಬೇಕು. ಹೀಗಾಗಿ ಬಿಳಿಯ ಅನ್ನವನ್ನೇ ಹೊಟ್ಟೆ ತುಂಬ ಉಣ್ಣುವವನಿಗೆ ಆ ಅನ್ನವೇ ಸಾಲಗಾರನಾಗುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಸಂಸ್ಥೆಯು ಪ್ರಕಟಿಸಿದ ಆಹಾರಪಟ್ಟಿಯಂತೆ 100 ಗ್ರಾಂ ಬಿಳಿಯ ಹಸಿ ಅಕ್ಕಿಯಲ್ಲಿ 0.06 ಮಿಲಿಗ್ರಾಂ ಥಯಮಿನ್ ಇದೆ. ಕುದಿಸಿ ಒಣಗಿಸಿದ ಕುಸುಬಲಕ್ಕಿಯಲ್ಲಿ 0.21, ಜೋಳದಲ್ಲಿ 0.37, ರಾಗಿಯಲ್ಲಿ 0.42. ನಮ್ಮ ಕರಾವಳಿಯವರು ಬತ್ತವನ್ನು ಮೊದಲು ಕುದಿಸುವುದರಿಂದ ತೌಡಿನಲ್ಲಿರುವ ಸತ್ತ್ವ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಗಿರಣಿ ಎಷ್ಟು ಉಜ್ಜಿದರೂ ಎಲ್ಲವೂ ಹೋಗುವುದಿಲ್ಲ. ಹಸಿಯ ಅಕ್ಕಿಯನ್ನು ಗಿರಣಿಯಲ್ಲಿ ಬಿಳುಪುಮಾಡಿ ಉಣ್ಣುತ್ತಿದ್ದ ಆಂಧ್ರದ ಉತ್ತರ ಸರ್ಕಾರ ಜಿಲ್ಲೆಗಳಲ್ಲಿ ಬೆರಿಬೆರಿ ಬೀಡುಬಿಟ್ಟಿತು. ಕುಸುಬಲಕ್ಕಿಯ ನಾಡುಗಳನ್ನು ಬಹುಮಟ್ಟಿಗೆ ಬಿಟ್ಟುಹೋಯಿತು. ಈ ರೋಗದ ವಿಚಾರಣೆಗೆಂದೇ 1918ರಲ್ಲಿ ಮೆಕ್ಯಾರಿಸನ್ ಎಂಬ ವೈದ್ಯಾಧಿಕಾರಿಯು ಕೂನೂರಿನಲ್ಲಿ ಒಂದು ಕೊಠಡಿಯ ಪ್ರಯೋಗಶಾಲೆಯನ್ನು ತೆರೆದನು. ಮುಂದೆ ಹೈದರಾಬಾದಿಗೆ ವರ್ಗವಾಗಿ ಬೆಳೆದ ಪೋಷಣಸಂಸ್ಥೆಯ ಮೂಲ ಆ ಒಂದು ಕೊಠಡಿ. ಯಾವಗಲ್ಲಿನ ರೈತನಿಗಾದರೋ ಬೆರಿಬೆರಿಯ ಭಯವಿರಲಿಲ್ಲ. ಅವನ ರೊಟ್ಟಿಯಲ್ಲಿ ತೌಡು ಉಳಿದಿತ್ತು.

ಹಾಗಾದರೆ ಜೋಳದ ನಾಡು ನಿಶ್ಚಿಂತೆಯಿಂದಿತ್ತೇ? ಇಲ್ಲ. ಇಲ್ಲಿ ಕಥೆಯ ಎರಡನೆಯ, ಹೆಚ್ಚು ತೊಡಕಿನ ಭಾಗ ಆರಂಭವಾಗುತ್ತದೆ. ಅದಕ್ಕಾಗಿ ಸ್ವಲ್ಪ ದೂರ ಹೋಗಿ ಬರಬೇಕು.

1735ರಲ್ಲಿ ಸ್ಪೇಯಿನ್ ದೇಶದ ಕಾಸಾಲ್ ಎಂಬ ವೈದ್ಯನು ಬಡ ರೈತರಲ್ಲಿ ಒಂದು ವಿಚಿತ್ರವಾದ ರೋಗವನ್ನು ಕಂಡನು. ಬಿಸಿಲು ಬೀಳುವ ಕಡೆಗಳಲ್ಲೆಲ್ಲ, ಎಂದರೆ ಮುಂಗೈ, ಪಾದ, ಕತ್ತಿನ ಸುತ್ತ, ಚರ್ಮವು ಕೆಂಪಾಗಿ, ಕಪ್ಪಾಗಿ, ಹೊಪ್ಪಳಿಕೆ ಎದ್ದು ಬರುವುದು. ಕತ್ತಿನಲ್ಲಿ ಅದು ಹಾರ ಹಾಕಿದಂತೆ ಕಾಣುವುದು. ಆಮೇಲೆ ಭೇದಿ, ಆಮೇಲೆ ಬುದ್ಧಿಭ್ರಮಣೆ, ಆಮೇಲೆ ಸಾವು. ಇಟಲಿಯವರು ಇದಕ್ಕೆ ಒರಟು ಚರ್ಮವೆಂಬ ಅರ್ಥದಲ್ಲಿ ಪೆಲ್ಲಾಗ್ರ ಎಂದರು. ಅಮೆರಿಕದಿಂದ ಬಂದ ಮೆಕ್ಕೆಜೋಳವನ್ನೇ ಮುಖ್ಯ ಆಹಾರವಾಗಿ ಹಿಡಿದ ಊರುಗಳಲ್ಲೆಲ್ಲ ಅದು ಹಬ್ಬಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಸಾವಿರಾರು ಜನ ಅದರಿಂದ ಸತ್ತರು. ಅಂಟುರೋಗವೆಂದು ಎಲ್ಲರೂ ಹೆದರಿದ್ದರು. 1914ರಲ್ಲಿ ಅದರ ವಿಚಾರಣೆಗೆ ನೇಮಕವಾದ ಡಾಕ್ಟರ್ ಗೋಲ್ಡ್‌ಬರ್ಗರ್ ಒಂದು ಸಾಮಾನ್ಯ ಸಂಗತಿಯನ್ನು ಗಮನಿಸಿದನು: ಹುಚ್ಚಾಸ್ಪತ್ರೆಗಳಲ್ಲಿ, ಅನಾಥಾಲಯಗಳಲ್ಲಿ ರೋಗ ಬರುವುದು ಅಲ್ಲಿ ಇರಿಸಲ್ಪಟ್ಟವರಿಗೆ, ಅವರನ್ನು ಮುಟ್ಟಿ ನೋಡಿಕೊಳ್ಳುವ ಸೇವಕರಿಗೆ ಬರುವುದೇ ಇಲ್ಲ. ಅಂಟುರೋಗಕ್ಕೆ ನೌಕರರೂ ಅನಾಥರೂ ಬೇರೆ ಬೇರೆಯೆಂದು ಗೊತ್ತಾಗುವುದು ಹೇಗೆ? ಬೇರೆಯಾಗಿದ್ದುದು ಊಟ. ಆತನು ಮಿಸ್ಸಿಸಿಪ್ಪಿಯ ಎರಡು ಅನಾಥಾಲಯಗಳ ಮಕ್ಕಳಿಗೆ ಹಾಲು, ಮೊಟ್ಟೆ, ಮಾಂಸ, ಕಾಳು ಕೊಡಿಸಿದನು, ರೋಗ ಕಾಣೆಯಾಯಿತು. 1915ರಲ್ಲಿ ಸೆರೆಮನೆಯ ಸ್ವಯಂಸೇವಕರಿಗೆ ಮೆಕ್ಕೆಜೋಳದ ಹಿಟ್ಟು, ಬೆಲ್ಲದ ಪಾಕ ಮೊದಲಾದುವನ್ನೇ ಕೊಟ್ಟು ನೋಡಿದನು. ಹನ್ನೊಂದು ಮಂದಿಯಲ್ಲಿ ಆರು ಮಂದಿಗೆ ರೋಗ ಬಂದಿತು. ಆ ಕೈದಿಗಳಿಗೆ ಕ್ಷಮಾದಾನ ದೊರೆಯಿತೆಂಬುದೊಂದು ಸಮಾಧಾನ. ಆದರೂ ನಂಬದವರಿಗಾಗಿ 1916ರಲ್ಲಿ ಗೋಲ್ಡ್‌ಬರ್ಗರನೂ ಆತನ ಸಹೋದ್ಯೋಗಿಗಳೂ ರೋಗಿಗಳ ರಕ್ತವನ್ನು ತಮ್ಮ ಮೈಗೆ ಚುಚ್ಚಿಕೊಂಡರು. ಹೇಳಲು ಸಂಕೋಚವಾಗುವ ಇತರ ಕಲ್ಮಷಗಳನ್ನು ಗುಳಿಗೆ ಮಾಡಿ ನುಂಗಿದರು. ಆತನ ಪತ್ನಿಯೂ ರಕ್ತವನ್ನು ಚುಚ್ಚಿಸಿಕೊಂಡಳು. ಯಾರಿಗೂ ಏನೂ ಆಗಲಿಲ್ಲ.

ಇದಕ್ಕಿಂತ ಮುಖ್ಯವಾದುದು ಅದೇ ಕಾಲದಲ್ಲಿ ದಕ್ಷಿಣ ಕೆರೊಲೈನದ ಹತ್ತಿಗಿರಣಿಯ ಹಳ್ಳಿಗಳಲ್ಲಿ ಅವರು ನಡೆಸಿದ ಮನೆಮನೆಯ ಲೆಕ್ಕ. ಸಂಸಾರದ ಆದಾಯ ಇಳಿದಂತೆ ಪೆಲ್ಲಾಗ್ರ ಏರುತ್ತಿತ್ತು. ಹತ್ತಿಯ ಬೆಳೆ ಮನೆಯ ಬಾಗಿಲವರೆಗೆ ಬಂದು, ಕಾಯಿಪಲ್ಲೆಗೂ ಹಸುವಿಗೂ ಜಾಗವಿಲ್ಲದಂತಾಗಿತ್ತು. ಹತ್ತಿಯನ್ನು ಬಲ್ಲ ರೋಣ ನರಗುಂದಗಳ ರೈತನಿಗೆ ಈ ಮಾತು ಅರ್ಥವಾಗಲು ವ್ಯಾಖ್ಯಾನ ಬೇಕಿಲ್ಲ. ಗೋಲ್ಡ್‌ಬರ್ಗರನು 1929ರಲ್ಲಿ ತೀರಿಕೊಂಡನು. ಕೊರತೆಯಾಗಿದ್ದ ವಸ್ತು ನಿಕೋಟಿನಿಕ್ ಆಮ್ಲ, ಎಂದರೆ ಬಿ3 ಅಥವಾ ನಿಯಾಸಿನ್, ಎಂಬುದು 1937ರಲ್ಲಿ ಗೊತ್ತಾಯಿತು. ದೇಹದ ಪ್ರತಿಯೊಂದು ಕಣವೂ ಆಹಾರವನ್ನು ಉರಿಸುವಾಗ ಶಕ್ತಿಯನ್ನು ಕೈಯಿಂದ ಕೈಗೆ ದಾಟಿಸುವ ಆಳು ಅದು. ಚರ್ಮ, ಕರುಳು, ಮಿದುಳು, ಈ ಮೂರರ ಕೆಲಸ ಬಿಡುವಿಲ್ಲದುದಾದುದರಿಂದ ಕೊರತೆಯ ಗುರುತು ಅಲ್ಲಿ ಮೊದಲು ಕಾಣುತ್ತದೆ. ದೇಹವು ಇದನ್ನು ಟ್ರಿಪ್ಟೊಫ್ಯಾನ್ ಎಂಬ ಪ್ರೋಟೀನಿನ ಅಂಶದಿಂದ ಸ್ವಲ್ಪಮಟ್ಟಿಗೆ ತಾನೇ ತಯಾರಿಸಿಕೊಳ್ಳಬಲ್ಲದು. ಅರುವತ್ತು ಪಾಲು ಟ್ರಿಪ್ಟೊಫ್ಯಾನಿನಿಂದ ಒಂದು ಪಾಲು ನಿಯಾಸಿನ್. ಮೆಕ್ಕೆಜೋಳದಲ್ಲಿ ಟ್ರಿಪ್ಟೊಫ್ಯಾನ್ ಕಡಮೆ. ಇರುವ ನಿಯಾಸಿನ್ನೂ ಬಿಗಿಯಾಗಿ ಕಟ್ಟಿಹೋಗಿರುತ್ತದೆ. ಆ ಬೆಳೆಯ ತವರಾದ ಮೆಕ್ಸಿಕೋದಲ್ಲಿ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸುವ ರೂಢಿಯಿಂದ ಆ ಕಟ್ಟು ಬಿಚ್ಚುತ್ತಿತ್ತು. ಬೀಜವನ್ನು ಹಡಗಿಗೆ ಹಾಕಿಕೊಂಡವರು ಈ ಅಡಿಗೆಯ ಕ್ರಮವನ್ನು ದಡದಲ್ಲಿಯೇ ಬಿಟ್ಟುಬಂದರು.

ಈಗ ದಖ್ಖನ್ನಿಗೆ ಹಿಂದಿರುಗೋಣ. ಪೆಲ್ಲಾಗ್ರ ಮೆಕ್ಕೆಜೋಳದವರ ರೋಗವೆಂದು ಪುಸ್ತಕಗಳೆಲ್ಲ ಹೇಳುತ್ತಿದ್ದುವು. ಆದರೆ ಹೈದರಾಬಾದಿನ ಆಸ್ಪತ್ರೆಗಳಿಗೆ ಕತ್ತಿನಲ್ಲಿ ಅದೇ ಕಪ್ಪು ಹಾರವನ್ನು ಹೊತ್ತು ಬರುತ್ತಿದ್ದ ರೋಗಿಗಳು ಮೆಕ್ಕೆಜೋಳ ತಿಂದವರಲ್ಲ. ಅವರು ದಖ್ಖನ್ ಪ್ರಸ್ಥಭೂಮಿಯ ಜೋಳದ ಜನ. ಬಹುಮಂದಿ ಹೊಲದ ಕೂಲಿಗಳು. 1960ರಲ್ಲಿ ಡಾಕ್ಟರ್ ಸಿ. ಗೋಪಾಲನ್, ಡಾಕ್ಟರ್ ಎಸ್. ಜಿ. ಶ್ರೀಕಂಠಯ್ಯ ಇವರು ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಈ ವಿಷಯವನ್ನು ಲೋಕದ ಮುಂದಿಟ್ಟರು. ಅವರ ಎದುರಿಗಿದ್ದ ಒಗಟು ಇದು: ಆಹಾರಪಟ್ಟಿಯಲ್ಲಿ ಜೋಳದ ನಿಯಾಸಿನ್ 3.1 ಮಿಲಿಗ್ರಾಂ, ಬಿಳಿಯ ಅಕ್ಕಿಯದು 1.9. ಅಕ್ಕಿ ಉಣ್ಣುವವರಿಗೆ ಬಾರದ ಪೆಲ್ಲಾಗ್ರ ಜೋಳ ಉಣ್ಣುವವರಿಗೆ ಏಕೆ ಬರಬೇಕು? ಜೋಳದ ಟ್ರಿಪ್ಟೊಫ್ಯಾನ್ ಮೆಕ್ಕೆಜೋಳದಷ್ಟು ಕಡಮೆಯೂ ಅಲ್ಲ.

ಅವರು ಹೇಳಿದ ಉತ್ತರ ಲ್ಯೂಸಿನ್. ಇದೂ ಪ್ರೋಟೀನಿನ ಒಂದು ಅಂಶ, ದೇಹಕ್ಕೆ ಬೇಕಾದುದೇ. ಆದರೆ ಜೋಳದಲ್ಲಿಯೂ ಮೆಕ್ಕೆಜೋಳದಲ್ಲಿಯೂ ಅದು ಮಿತಿಮೀರಿ ಇದೆ. ಒಂದೇ ಅಂಶ ವಿಪರೀತವಾಗಿ ಹೊಕ್ಕಾಗ ದೇಹವು ಟ್ರಿಪ್ಟೊಫ್ಯಾನಿನಿಂದ ನಿಯಾಸಿನ್ನನ್ನು ಮಾಡಿಕೊಳ್ಳುವ ಕೆಲಸ ಕೆಡುತ್ತದೆಂದು ಅವರ ವಾದ. ನಾಯಿಗಳಿಗೆ ಲ್ಯೂಸಿನ್ ಕೂಡಿಸಿದ ಆಹಾರವನ್ನು ಕೊಟ್ಟಾಗ, ಅವುಗಳಿಗೆ ಬರುವ ಪೆಲ್ಲಾಗ್ರವೆನಿಸಿದ ಕರಿನಾಲಿಗೆಯ ರೋಗ ಕಾಣಿಸಿಕೊಂಡಿತು. ಮುಂದೆ ಬಿ6 ಜೀವಸತ್ತ್ವಕ್ಕೂ ಈ ವ್ಯವಹಾರದಲ್ಲಿ ಕೈಯಿದೆಯೆಂದು ಕಂಡಿತು. ಪ್ರೋಟೀನಿನ ಅಂಶಗಳನ್ನು ಬಿಡಿಸಿ ಕೂಡಿಸುವ ಕೆಲಸವೆಲ್ಲ ಅದರದೇ. ಹೊರದೇಶದ ಕೆಲವರು ಈ ವಾದವನ್ನು ಒಪ್ಪದೆ, ತಮ್ಮ ಪ್ರಯೋಗಗಳಲ್ಲಿ ಲ್ಯೂಸಿನ್ನಿನ ದೋಷ ಕಾಣಲಿಲ್ಲವೆಂದರು. ಆ ವಿವಾದ ಪೂರ್ತಿಯಾಗಿ ತೀರಲಿಲ್ಲ. ಆದರೆ ರೋಗಿಗಳ ಊಟವನ್ನು ಕುರಿತು ವಿವಾದವಿರಲಿಲ್ಲ: ಜೋಳ, ಖಾರ, ಮತ್ತೆ ಜೋಳ.

ಇಲ್ಲಿಯೇ ಯಾವಗಲ್ಲಿನ ಬುತ್ತಿ ನಮಗೆ ಸಾಕ್ಷಿಯಾಗುತ್ತದೆ. ಆ ಊರನ್ನು ನಾವು ಹೆಸರಿಸಿದುದು ರೋಗಕ್ಕಾಗಿಯಲ್ಲ, ಈ ಬುತ್ತಿಗಾಗಿ. ಜೋಳವೇ ವಿಷವಾಗಿದ್ದಲ್ಲಿ ಧಾರವಾಡ, ವಿಜಾಪುರ, ಕಲಬುರ್ಗಿಗಳ ಜನ ಶತಮಾನಗಳ ಕೆಳಗೆಯೇ ನಿರ್ವಂಶವಾಗಬೇಕಿತ್ತು. ರೊಟ್ಟಿಯ ಮೇಲೆ ಒಂದು ಹಿಡಿ ಶೇಂಗಾಚಟ್ನಿ ಬಿದ್ದರೆ ಲೆಕ್ಕವೇ ಬೇರೆ. 100 ಗ್ರಾಂ ಶೇಂಗಾದಲ್ಲಿ ಅದೇ ಪಟ್ಟಿಯಂತೆ 19.9 ಮಿಲಿಗ್ರಾಂ ನಿಯಾಸಿನ್ ಇದೆ, 0.90 ಮಿಲಿಗ್ರಾಂ ಥಯಮಿನ್ನೂ ಇದೆ. ದಕ್ಷಿಣ ಅಮೆರಿಕದಲ್ಲಿ ಹುಟ್ಟಿದ ಈ ಕಾಯಿ ನಮ್ಮ ಎರೆನಾಡಿನ ಅಡಿಗೆಯ ಮನೆಗೆ ಬಂದು, ಅಲ್ಲಿಯದೇ ಎಂಬಂತೆ ನೆಲೆಸಿಬಿಟ್ಟಿತು. ಮಡಕೆ, ಹೆಸರು, ಕಡಲೆಗಳು ಟ್ರಿಪ್ಟೊಫ್ಯಾನನ್ನು ತರುತ್ತವೆ. ಕಾಳುಗಳು ಮೊಳೆತಾಗ ಬಿ ಜೀವಸತ್ತ್ವಗಳು ಇನ್ನೂ ಹೆಚ್ಚುತ್ತವೆ. ಮಜ್ಜಿಗೆ ಬಿ2 ಅನ್ನು ತರುತ್ತದೆ. ಅದು ಕಡಮೆಯಾದಾಗಲೇ ಮಕ್ಕಳ ಕಟವಾಯಿ ಸೀಳುವುದು, ನಾಲಗೆ ಕೆಂಪಾಗಿ ಉರಿಯುವುದು. ಹುಳಿ ಬರಿಸಿದ ಅಂಬಲಿಯಲ್ಲಿ ಸೂಕ್ಷ್ಮಜೀವಿಗಳೇ ಸ್ವಲ್ಪ ಬಿ ಸತ್ತ್ವವನ್ನು ಬೆಳೆಸಿಕೊಡುತ್ತವೆ. ಇವೆಲ್ಲವನ್ನೂ ಒಬ್ಬ ಪಂಡಿತನು ಕುಳಿತು ಯೋಚಿಸಿ ಕೂಡಿಸಿದನೆಂದು ನಾವು ಹೇಳುವುದಿಲ್ಲ. ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತೆಂಬ ಈಗಿನ ವಾಡಿಕೆಯ ಹೆಮ್ಮೆಯೂ ನಮಗೆ ಒಪ್ಪಿಗೆಯಲ್ಲ. ಅವರ ಕಣ್ಣೆದುರಿಗೆ ಕೂಲಿಯವನ ಬುತ್ತಿಯಲ್ಲಿ ಖಾರ ಮಾತ್ರ ಇದ್ದಿತಲ್ಲವೆ! ಹೊಲವಿದ್ದವನ ಮನೆಯಲ್ಲಿ ಅಡಿಗೆ ಸರಿಯಾಗಿತ್ತು. ಹೊಲವಿಲ್ಲದವನಿಗೆ ಆ ಅಡಿಗೆ ಎಟುಕಲಿಲ್ಲ.

ಹೆಣ್ಣುಮಕ್ಕಳ ಭಾಗ್ಯ ಇನ್ನೂ ಕಡಮೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಬೊಂಬಾಯಿಗೆ ಬಂದು, ಬಟ್ಟೆಗಿರಣಿಗಳ ಬಡ ಬಸುರಿಯರಲ್ಲಿ ಕಾಣುತ್ತಿದ್ದ ರಕ್ತಹೀನತೆಯನ್ನು ಪರೀಕ್ಷಿಸಿದಳು. ಕಬ್ಬಿಣದಿಂದ ಅದು ವಾಸಿಯಾಗುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ರೊಟ್ಟಿಗೆ ಬಳಿದು ತಿನ್ನುವ, ಹುದುಗುಬೂಷ್ಟಿನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ಸಾರವನ್ನು ಕೊಟ್ಟಾಗ ವಾಸಿಯಾಯಿತು. 1931ರಲ್ಲಿ ಇದನ್ನು ಪ್ರಕಟಿಸಿದಳು. ಆ ಅಂಶವೇ ಮುಂದೆ ಫೋಲಿಕ್ ಆಮ್ಲವೆನಿಸಿತು. ಎಲೆಯೆಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದ ಹೆಸರು, ಸೊಪ್ಪಿನಲ್ಲಿ ದೊರೆತುದರಿಂದ. 1945ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯ ಸಂಶೋಧನೆಗೆ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರು. ಹೊಸ ಕಣ ಹುಟ್ಟಬೇಕಾದಲ್ಲೆಲ್ಲ ಈ ಸತ್ತ್ವ ಬೇಕು: ರಕ್ತ ಹುಟ್ಟುವ ಮಜ್ಜೆಯಲ್ಲಿ, ಗರ್ಭದಲ್ಲಿ. ಬಸಿರಿನ ಮೊದಲ ವಾರಗಳಲ್ಲಿ ಇದು ಸಾಲದೆ ಹೋದರೆ ಶಿಶುವಿನ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದಿರಬಹುದೆಂಬುದು 1991ರ ಪರೀಕ್ಷೆಯಿಂದ ಸ್ಥಿರಪಟ್ಟಿತು. ಇದರ ಜೊತೆಗಾರ ಬಿ12, 1948ರಲ್ಲಿ ದೊರೆತುದು. ಇದನ್ನು ಯಾವ ಗಿಡವೂ ಮಾಡಲಾರದು. ಸೂಕ್ಷ್ಮಜೀವಿಗಳೇ ಮಾಡಬೇಕು, ಪ್ರಾಣಿಗಳ ಮೂಲಕವೇ ನಮಗೆ ಬರಬೇಕು. ಮಾಂಸ ಮೊಟ್ಟೆಗಳನ್ನು ಮುಟ್ಟದ ಮನೆಗಳಿಗೆ ಹಾಲು ಮೊಸರುಗಳೊಂದೇ ದಾರಿ. ಎಮ್ಮೆ ಮಾರಿದ ಮನೆಯಲ್ಲಿ ಮುದುಕರ ಪಾದ ಮರಗಟ್ಟಿ, ನಡಿಗೆ ತಡವರಿಸಿದರೆ, ವಯಸ್ಸಿನ ಮೇಲೆ ಹೊರಿಸುವ ಮೊದಲು ವೈದ್ಯರಿಗೆ ತೋರಿಸಬೇಕು.

ಬಿ ಗುಂಪಿನಲ್ಲಿ ಈಗ ಎಂಟು ಸತ್ತ್ವಗಳಿವೆ. ಅಂಕಿಗಳು 1, 2, 3, 5, 6, 7, 9, 12 ಎಂದು ಹಾರಿಹಾರಿ ಹೋಗುವುದೇಕೆಂದು ಕೆಲವರು ಕೇಳುತ್ತಾರೆ. ಜೀವಸತ್ತ್ವವೆಂದು ಮೊದಲು ಅಂಕಿ ಪಡೆದ ಕೆಲವು ವಸ್ತುಗಳು ಆಮೇಲೆ ಅಲ್ಲವೆಂದು ಗೊತ್ತಾಗಿ ಪಂಕ್ತಿಯಿಂದ ಎದ್ದುಹೋದುವು. ಎಲೆಗಳು ಮಾತ್ರ ಖಾಲಿ ಉಳಿದಿವೆ.

ಪೆಲ್ಲಾಗ್ರ ಈಗ ವಿರಳವಾಗಿದೆ. ಮದ್ಯಕ್ಕೆ ಬಿದ್ದು ಊಟ ಬಿಟ್ಟವರಲ್ಲಿ ಅಲ್ಲೊಂದು ಇಲ್ಲೊಂದು ಕಾಣುವುದುಂಟು. ನ್ಯಾಯಬೆಲೆಯ ಅಂಗಡಿಯ ಅಕ್ಕಿ ಗೋದಿಗಳು ಬಡವನ ತಟ್ಟೆಯಲ್ಲಿ ಜೋಳದ ಏಕಾಧಿಪತ್ಯವನ್ನು ತಪ್ಪಿಸಿದುವು, ಹಸಿವನ್ನೂ ಕಳೆದುವು. 2013ರಲ್ಲಿ ಅನ್ನಭಾಗ್ಯವೆಂಬ ಯೋಜನೆ ಆರಂಭವಾದ ಮೇಲಂತೂ ಜೋಳದ ಜಿಲ್ಲೆಗಳ ಗುಡಿಸಲಿನಲ್ಲಿಯೂ ಅನ್ನ ದಿನದ ಊಟವಾಯಿತು. ಇದನ್ನು ಹೀಯಾಳಿಸುವವರಲ್ಲಿ ನಾವಿಲ್ಲ. ಟೆಂಪಲ್ಲನ ಕೂಲಿಯ ಕಥೆಯನ್ನು ಓದಿದವರು ಹೊಟ್ಟೆ ತುಂಬುವುದನ್ನು ಹಗುರವಾಗಿ ಕಾಣಲಾರರು. ಆದರೆ ಆ ಅಕ್ಕಿ ಬಿಳಿಯ ಅಕ್ಕಿ. ಬಟೇವಿಯಾದ ಕೋಳಿಗಳು ತಿಂದ ಅಕ್ಕಿಯ ಜಾತಿಯದೇ. 2021ರಲ್ಲಿ ಕೇಂದ್ರ ಸರ್ಕಾರವು ಬಡವರಿಗೆ ಹಂಚುವ ಅಕ್ಕಿಯಲ್ಲಿ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಇವುಗಳನ್ನು ಬೆರೆಸುವುದಾಗಿ ಸಾರಿತು. ಒಳ್ಳೆಯದೇ. ಥಯಮಿನ್ ಆ ಕಡ್ಡಾಯದ ಪಟ್ಟಿಯಲ್ಲಿಲ್ಲ.

ಇದರಿಂದ ಯಾರಿಗೆ ತೊಂದರೆಯೆಂದರೆ ಬಾಣಂತಿಯ ಕೂಸಿಗೆ. ನಮ್ಮ ನಾಡಿನ ಬಹುಮನೆಗಳಲ್ಲಿ ಬಾಣಂತಿಗೆ ಕಟ್ಟುನಿಟ್ಟಾದ ಪಥ್ಯ ಉಂಟು. ಬೇಳೆ ವಾಯು, ಸೊಪ್ಪು ಶೀತ, ಕಾಳು ಕೂಸಿನ ಹೊಟ್ಟೆಗೆ ಆಗದು. ಉಳಿಯುವುದು ಬಿಳಿಯ ಅನ್ನ, ತುಪ್ಪ, ಮೆಣಸಿನ ಸಾರು. ಹಿಂದೆ ಜೋಳವೋ ರಾಗಿಯೋ ಇದ್ದ ಮನೆಯಲ್ಲಿ ಈ ಪಥ್ಯವು ಅಷ್ಟು ಕೆಡುಕನ್ನು ಮಾಡುತ್ತಿರಲಿಲ್ಲವೆಂದು ತೋರುತ್ತದೆ. ಈಗ ಅಕ್ಕಿಯನ್ನು ನಾಲ್ಕು ನೀರಿನಲ್ಲಿ ತೊಳೆದು, ಗಂಜಿಯನ್ನು ಬಸಿದುಬಿಟ್ಟರೆ ಇದ್ದ 0.06ರಲ್ಲಿಯೂ ಹೆಚ್ಚುಪಾಲು ಮೋರಿಗೆ ಹೋಗುತ್ತದೆ. ತಾಯಿಯ ಹಾಲಿನಲ್ಲಿ ಥಯಮಿನ್ ಇಳಿಯುತ್ತದೆ. ಹಾಲು ಸಾಕಷ್ಟಿರುತ್ತದೆ, ಕೂಸು ದುಂಡಗಿರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಮೂರು ತಿಂಗಳ ಹೊತ್ತಿಗೆ ಒಂದು ದಿನ ಇದ್ದಕ್ಕಿದ್ದಂತೆ ಕೂಸು ಹಾಲು ಬಿಡುತ್ತದೆ, ಏದುಸಿರು ಬಿಡುತ್ತದೆ. ಬಾಯಿ ತೆರೆದು ಅತ್ತರೂ ದನಿ ಏಳುವುದಿಲ್ಲ.

ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2021ರಲ್ಲಿ ಇಂಥ ಶಿಶುಗಳ ವಿಷಯವಾಗಿ ಒಂದು ವರದಿಯನ್ನು ಪ್ರಕಟಿಸಿದರು. ಎದೆಹಾಲನ್ನಲ್ಲದೆ ಮತ್ತೇನನ್ನೂ ಕುಡಿಯದ ಕೂಸುಗಳು. ಪುಪ್ಪುಸದ ರಕ್ತನಾಳಗಳಲ್ಲಿ ಒತ್ತಡ ಏರಿ ಹೃದಯದ ಬಲಭಾಗ ಸೋಲುವ ಸ್ಥಿತಿಗೆ ಬಂದುವು. ಅವುಗಳ ತಾಯಂದಿರು ಬಿಳಿಯ ಅನ್ನದ ಪಥ್ಯದಲ್ಲಿದ್ದವರು. ಥಯಮಿನ್ನನ್ನು ಚುಚ್ಚಿದ ಮೇಲೆ ಅವುಗಳಲ್ಲಿ ಬಹುಮಟ್ಟಿಗೆ ಎಲ್ಲವೂ ಒಂದೆರಡು ಮೂರು ದಿನಗಳಲ್ಲಿ ಚೇತರಿಸಿಕೊಂಡುವು. ಆ ಔಷಧದ ಬೆಲೆ ಅತ್ಯಲ್ಪ. ಕಷ್ಟವಿರುವುದು ಬೆಲೆಯಲ್ಲಲ್ಲ, ಹೊತ್ತಿನಲ್ಲಿ. ಕೂಸನ್ನು ನೋಡಿದ ಮೊದಲ ವೈದ್ಯನಿಗೆ ಬೆರಿಬೆರಿಯ ನೆನಪಾಗಬೇಕು. ಪುಸ್ತಕಗಳಲ್ಲಿ ಅದು ಹಳೆಯ ಕಾಲದ ರೋಗವೆಂದು ಬರೆದಿರುವುದರಿಂದ ನೆನಪಾಗುವುದು ತಡವಾಗಬಹುದು. ಮೂರು ತಿಂಗಳ ಕೂಸಿನ ಅಳುವಿನಲ್ಲಿ ದನಿ ಅಡಗಿದೆಯೆಂದರೆ, ಅದು ನೆಗಡಿಯೆಂದು ಮನೆಯಲ್ಲಿ ಕುಳಿತಿರದೆ ಆ ಗಂಟೆಯಲ್ಲಿಯೇ ಆಸ್ಪತ್ರೆಗೆ ಒಯ್ಯಬೇಕು. ತಾಯಿ ಉಣ್ಣುತ್ತಿದ್ದುದೇನೆಂದು ವೈದ್ಯರು ಕೇಳದಿದ್ದರೂ ಹೇಳಬೇಕು. ಮನೆಯಲ್ಲಿ ಬಾಣಂತಿ ಇರುವವರು ಅವಳ ಎಲೆಗೆ ಮೊದಲ ದಿನದಿಂದಲೇ ತೊಗರಿಬೇಳೆಯ ಕಟ್ಟು, ಹೆಸರುಕಾಳು, ಮೆಂತ್ಯದ ಸೊಪ್ಪು ಇವುಗಳನ್ನು ಬಡಿಸಿದರೆ ವಾಯುವಿನಿಂದ ಆಗುವ ತೊಂದರೆ ಏನೂ ಇಲ್ಲ. ಯಾವಗಲ್ಲಿನ ಕಡೆಯವರಾದರೆ ಒಂದು ಜೋಳದ ರೊಟ್ಟಿಯನ್ನೂ ಶೇಂಗಾದ ಚಟ್ನಿಯನ್ನೂ ಅದರ ಪಕ್ಕದಲ್ಲಿಡಲಿ.